ಟ್ಯಾಪೆಟ್ ಅಕ್ಕ ಮತ್ತು ಐದನೆಯ ವಾಲ್ವ್

ಬೆಳಗಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ತಗಡಿನ ಶೆಡ್ಡಿನಲ್ಲಿ ಟ್ಯಾಪೆಟ್ ಅಕ್ಕ ಎಂಜಿನ್ನಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಾರೆ. ಜ್ವರ ಇಳಿಯಿತೋ ಇಲ್ಲವೋ ಎಂದು ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಕಬ್ಬಿಣ ಪೂರ್ತಿ ತಣ್ಣಗಾಗಿರಬೇಕು. ಸ್ವಲ್ಪ ಬಿಸಿ ಉಳಿದಿದ್ದರೂ ಲೋಹ ಉಬ್ಬಿರುತ್ತದೆ, ಅಳತೆ ಸುಳ್ಳು ಹೇಳುತ್ತದೆ. ಅದಕ್ಕೇ ಈ ಕೆಲಸಕ್ಕೆ ಇದೇ ಹೊತ್ತು.

ಮೈಮೇಲೆ ಗಂಡನ ಹಳೆಯ ಖಾಕಿ ಅಂಗಿ, ತೋಳು ಎರಡು ಮಡಿಕೆ. ಎಂಜಿನ್ನಿನ ಮೇಲಿನ ಮುಚ್ಚಳ ತೆಗೆದಿಟ್ಟಿದ್ದಾರೆ. ಒಳಗೆ ಎಂಟು ಪುಟ್ಟ ಕಬ್ಬಿಣದ ಏತಗಳು ಸಾಲಾಗಿ ಎಣ್ಣೆಯಲ್ಲಿ ಮಿಂದು ಕೂತಿವೆ. ಇವಕ್ಕೆ ರಾಕರ್ ಎನ್ನುತ್ತಾರೆ. ಒಂದೊಂದು ರಾಕರ್ ಒಂದೊಂದು ವಾಲ್ವ್‌ನ ತುದಿ ಒತ್ತಿ ಅದನ್ನು ತೆರೆಯುತ್ತದೆ, ಗಾಳಿ ಒಳಗೆ ಬರಲು ಇಲ್ಲವೇ ಹೊಗೆ ಹೊರಗೆ ಹೋಗಲು. ಒತ್ತದೆ ಇರುವಾಗ ಎರಡರ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು. ಗ್ಯಾರೇಜಿನ ಮಾತಿನಲ್ಲಿ ಈ ಸಂದು ಹೊಂದಿಸುವುದೇ ಟ್ಯಾಪೆಟ್ ಕೆಲಸ, ಅಕ್ಕನಿಗೆ ಆ ಹೆಸರು ಬಂದದ್ದು ಅದರಿಂದ. ಆ ಸಂದನ್ನು ಅಳೆಯಲು ಅಕ್ಕನ ಕೈಯಲ್ಲಿ ಉಕ್ಕಿನ ತೆಳ್ಳನೆಯ ಎಲೆಗಳ ಗೊಂಚಲಿದೆ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿ ಮೂವತ್ತು ಪಾಲು ತೆಗೆದುಕೊಂಡರೆ ಎಷ್ಟೋ ಅಷ್ಟು ದಪ್ಪದ ಎಲೆಯನ್ನು ಅವರು ಆರಿಸುತ್ತಾರೆ. “ಮೂವತ್ತರ ಎಲೆ” ಎನ್ನುತ್ತಾರೆ.

ಮುಂಭಾಗದ ಹ್ಯಾಂಡಲ್ ಹಿಡಿದು ಎಂಜಿನ್ನನ್ನು ಕೈಯಲ್ಲೇ ಒಂದಿಷ್ಟು ತಿರುಗಿಸುತ್ತಾರೆ, ನಿಲ್ಲಿಸುತ್ತಾರೆ, ಎಲೆ ತೂರಿಸುತ್ತಾರೆ. ಎಂಟನೆಯದಕ್ಕೆ ಹೋಯಿತು. ಆರನೆಯದಕ್ಕೆ ಹೋಯಿತು. ಐದನೆಯದಕ್ಕೆ ಹೋಗಲಿಲ್ಲ. ಇಪ್ಪತ್ತರ ಎಲೆ ಹಾಕಿದರು, ಅದು ಹೋಯಿತು.

“ವಾರಕ್ಕೆ ಹತ್ತು ತಿಂದಿದೆ,” ಎಂದರು. ಐದನೆಯ ರಾಕರಿನ ತಿರುಪನ್ನು ಒಂದಿಷ್ಟು ಸಡಿಲಿಸಿ ಮತ್ತೆ ಮೂವತ್ತಕ್ಕೆ ತಂದರು. ತಿರುಪಿನ ತಲೆಯ ಮೇಲೆ ಉಗುರಿಗೆ ಹಚ್ಚುವ ಬಣ್ಣದ ಕೆಂಪು ಚುಕ್ಕೆಯಿದೆ. ಆ ಚುಕ್ಕೆ ಇನ್ನು ಕಾಲು ಸುತ್ತು ಮಾತ್ರ ತಿರುಗಬಲ್ಲದು. ಆಮೇಲೆ ತಿರುಪು ಮುಗಿಯುತ್ತದೆ.

ಹೊರಗಿನಿಂದ ದನಿ ಬರುತ್ತದೆ. “ಅತ್ತಿಗೆ, ನಿಮ್ಮ ಐದನೇ ಕೂಸು ಎದ್ದಿತಾ? ನನ್ನ ಪೇಷೆಂಟುಗಳು ಬಾಗಿಲಲ್ಲಿ ನಿಂತಿರ್ತಾರೆ.”

“ಮೊದಲು ನಿನ್ನ ಬಾಯಿಗೆ ಗ್ಯಾಪ್ ಹೊಂದಿಸಬೇಕು ಕಣೇ, ಯಾವಾಗ್ಲೂ ತೆರೆದೇ ಇರುತ್ತೆ.”

ದನಿ ನಾದಿನಿಯದು. ಅಕ್ಕನ ಗಂಡನ ತಂಗಿ, ವಯಸ್ಸು ಐವತ್ನಾಲ್ಕು. ಈ ಕಾರನ್ನು ಹತ್ತೊಂಬತ್ತು ವರ್ಷದಿಂದ ಬಾಡಿಗೆಗೆ ಓಡಿಸುತ್ತಿದ್ದಾರೆ. ಕಾರಿಗೆ ನಲವತ್ತೆರಡು, ಅಕ್ಕನಿಗೆ ಅರವತ್ತೊಂದು. ಒಬ್ಬರು ಓಡಿಸುವುದು, ಇನ್ನೊಬ್ಬರು ಓಡುವಂತೆ ಇಡುವುದು. ಈ ಮನೆಯ ಸಂಸಾರವೆಂದರೆ ಇಷ್ಟೇ.

ಮಂಗಳವಾರ ಮತ್ತು ಶುಕ್ರವಾರ ಕಾರು ಮೂವರು ಕಿಡ್ನಿ ರೋಗಿಗಳನ್ನು ಕರೆದುಕೊಂಡು ಇಪ್ಪತ್ತಾರು ಕಿಲೋಮೀಟರ್ ದೂರದ ಆಸ್ಪತ್ರೆಗೆ ಹೋಗುತ್ತದೆ. ಡಯಾಲಿಸಿಸ್‌ನ ಮೊದಲ ಸರದಿ ಆರೂವರೆಗೆ. ಮೊದಲ ಬಸ್ಸು ಹೊರಡುವುದೇ ಆರೂವರೆಗೆ. ತಡವಾದರೆ ಯಂತ್ರವನ್ನು ಸಾಲಿನಲ್ಲಿರುವ ಮುಂದಿನವರಿಗೆ ಕೊಡುತ್ತಾರೆ. ಆ ಮೂವರಲ್ಲಿ ಹಿರಿಯರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮುಂದಿನ ಸೀಟು ಅವರದು. ಡ್ಯಾಶ್‌ಬೋರ್ಡಿನ ಮೇಲೆ ಬೆರಳಿನಲ್ಲೇ ಏನೋ ಗೆರೆ ಎಳೆಯುತ್ತಾ ಕೂರುತ್ತಾರಂತೆ.

ನಾಲ್ಕು ಸಿಲಿಂಡರ್, ಸಾವಿರದ ನೂರು ಸಿಸಿ, ಎರಕದ ಕಬ್ಬಿಣದ ಮೈ, ಅದರ ಮೇಲೆ ವಾಲ್ವುಗಳನ್ನು ಹೊತ್ತ ಎರಕದ ಕಬ್ಬಿಣದ್ದೇ ತಲೆ. ಎಂಟು ವಾಲ್ವ್. ಒಂದು ಕಾರ್ಬೊರೇಟರ್. ಕಂಪ್ಯೂಟರ್ ಎಂಬುದು ಎಲ್ಲೂ ಇಲ್ಲ. ಮೂರು ಸಾವಿರ ಕಿಲೋಮೀಟರಿಗೆ ಎಣ್ಣೆ ಬದಲಿಸಬೇಕು, ಪ್ಲಗ್ಗುಗಳ ಮಸಿ ಉಜ್ಜಬೇಕು, ಕಿಡಿ ಹುಟ್ಟಿಸುವ ಪಾಯಿಂಟುಗಳ ಸಂದು ಹೊಂದಿಸಬೇಕು, ನೀರು ಇಳಿದಿದೆಯೇ ನೋಡಬೇಕು. “ಹಸುಗೂಸು ಮತ್ತು ಮುದುಕಿ, ಎರಡೂ ಒಂದೇ ಮೈಯಲ್ಲಿ,” ಎಂದು ಅಕ್ಕ ಹೇಳುತ್ತಾರೆ.

ಸಾಲಿನ ಉಳಿದ ಗ್ಯಾರೇಜುಗಳಿಗೆ ಗಾಜಿನ ಬಾಗಿಲು ಬಂದು ವರ್ಷಗಳಾದವು. ಅಲ್ಲಿ ಈಗ ಕಾರಿಗೆ ತಂತಿ ಚುಚ್ಚಿ ಪರದೆ ನೋಡುತ್ತಾರೆ. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಒಮ್ಮೆ ಬಂದು ಕೇಳಿದನಂತೆ, “ಅಕ್ಕ, ಇದಕ್ಕೆ ಸ್ಕ್ಯಾನರ್ ಎಲ್ಲಿ ಚುಚ್ಚೋದು?” ಅಕ್ಕ ತಲೆ ವಾಲಿಸಿ ತೋರಿಸಿದರು: “ನನ್ನ ಕಿವಿಗೆ ಚುಚ್ಚಪ್ಪ.”

ಅಕ್ಕ ಈ ಕೆಲಸಕ್ಕೆ ಬಂದದ್ದು ಮದುವೆಯ ದಾರಿಯಲ್ಲಿ. ಗಂಡ ಮೆಕ್ಯಾನಿಕ್. ಮೊದಲ ಎರಡು ವರ್ಷ ಅಕ್ಕನ ಕೆಲಸ ಗ್ಯಾರೇಜಿನ ಕೊಳೆ ಬಟ್ಟೆ ನೆನೆಸುವುದು. ಮೂರನೆಯ ವರ್ಷ ಒಂದು ದಿನ ಗಂಡ ಒಂದು ಕೋಲು ಕೈಗೆ ಕೊಟ್ಟರು. ಕೋಲಿನ ತುದಿಗೆ ರಬ್ಬರಿನ ಬಟ್ಟಲು. ಅದು ವಾಲ್ವ್‌ನ ಮುಖವನ್ನು ಕಚ್ಚಿ ಹಿಡಿಯುತ್ತದೆ. ವಾಲ್ವ್ ಕೂರುವ ಪೀಠಕ್ಕೆ ಸಾಣೆಯ ಮುಲಾಮು ಹಚ್ಚಿ, ಕೋಲನ್ನು ಎರಡು ಅಂಗೈಗಳ ನಡುವೆ ಆ ಕಡೆ ಈ ಕಡೆ ತಿರುಗಿಸಬೇಕು. ಮಜ್ಜಿಗೆ ಕಡೆದ ಹಾಗೆ. ಕೊನೆಗೆ ಪೀಠದ ಸುತ್ತ ಬೂದುಬಣ್ಣದ ಒಂದೇ ಸಮನಾದ ಉಂಗುರ ಮೂಡಬೇಕು. ಎಲ್ಲೂ ಕಡಿಯಬಾರದು.

“ನನ್ನ ಮೊದಲನೇ ಉಂಗುರ ನೋಡಿ ನಮ್ಮನೆಯವರು ಏನೂ ಹೇಳ್ಲಿಲ್ಲ,” ಎಂದು ಅಕ್ಕ ನೆನೆಯುತ್ತಾರೆ. “ಆದರೆ ಮಾರನೇ ದಿನ ಬಟ್ಟೆ ನೆನೆಸೋದು ಅವರೇ ಮಾಡಿದ್ರು.”

ಲೆಕ್ಕವನ್ನೂ ಅವರೇ ಕಲಿಸಿದರು. ಶಾಲೆಯ ಲೆಕ್ಕವಲ್ಲ, ಒಂಬತ್ತರ ಲೆಕ್ಕ. ಎಂಟು ವಾಲ್ವ್‌ಗಳಲ್ಲಿ ಒಂದನೆಯದು ಪೂರ್ತಿ ತೆರೆದಾಗ ಎಂಟನೆಯದು ನಿಶ್ಚಿಂತೆಯಾಗಿ ಮುಚ್ಚಿರುತ್ತದೆ, ಆಗ ಅದರ ಸಂದು ಅಳೆಯಬೇಕು. ಮೂರು ತೆರೆದಾಗ ಆರು. ನಾಲ್ಕು ತೆರೆದಾಗ ಐದು. ಎರಡೂ ಕೂಡಿದರೆ ಯಾವಾಗಲೂ ಒಂಬತ್ತು. ಸಿಲಿಂಡರುಗಳಿಗೆ ಕಿಡಿ ಹೋಗುವ ಕ್ರಮ ಬೇರೆ: ಒಂದು, ಮೂರು, ನಾಲ್ಕು, ಎರಡು. “ಸಾಲಲ್ಲಿ ಎರಡನೆಯವಳಾಗಿ ನಿಂತರೂ ಊಟಕ್ಕೆ ಕೊನೆಯವಳು. ನನಗೆ ಬೇಗ ಅರ್ಥ ಆಯ್ತು,” ಎಂದು ಅಕ್ಕ ನಕ್ಕರು. ಇದನ್ನು ಬರೆಯಲೆಂದು ಮಾಡಿದ ಮೂರು ವಾರದ ಭೇಟಿಗಳಲ್ಲಿ ಅವರು ನಕ್ಕದ್ದು ನಾಲ್ಕೈದು ಸಲ. ಅದು ಅವುಗಳಲ್ಲೊಂದು.

ಎಲ್ಲಕ್ಕಿಂತ ಮೇಲೆ ಗಂಡ ಕಲಿಸಿದ್ದು ಸದ್ದಿನ ಪಾಠ. ಆ ಕೂದಲೆಳೆಯ ಸಂದಿನಿಂದಾಗಿ ಹಳೆಯ ಎಂಜಿನ್ ಕಟಕಟ ಎನ್ನುತ್ತದೆ, ಹೊಲಿಗೆ ಯಂತ್ರದ ಹಾಗೆ. ಗಾಡಿ ತಂದವರೆಲ್ಲ ಆ ಸದ್ದು ನಿಲ್ಲಿಸಿ ಎನ್ನುತ್ತಾರೆ. ನಿಲ್ಲಿಸುವುದು ಬಹಳ ಸುಲಭ. ಸಂದು ಮುಚ್ಚಿದರೆ ಸಾಕು. ಆದರೆ ಸಂದು ಮುಚ್ಚಿದರೆ ಬಿಸಿಯಾದಾಗ ಉದ್ದವಾಗುವ ವಾಲ್ವ್‌ಗೆ ತನ್ನ ಪೀಠದ ಮೇಲೆ ಪೂರ್ತಿ ಕೂರಲು ಆಗುವುದಿಲ್ಲ. ಪೀಠಕ್ಕೆ ತಾಗಿದರೆ ತಾನೇ ಅದು ತಣಿಯುವುದು? ಕೂರಲು ಜಾಗವಿಲ್ಲದ ವಾಲ್ವ್‌ನ ಅಂಚಿನಿಂದ ಬೆಂಕಿ ನುಸುಳುತ್ತದೆ, ಅಂಚನ್ನು ತಿನ್ನುತ್ತದೆ.

“ಕಟಕಟ ಅನ್ನೋದು ಬದುಕಿರುತ್ತೆ. ಸುಮ್ಮನಾದದ್ದು ಸುಡ್ತಾ ಇರುತ್ತೆ,” ಎಂದು ಅಕ್ಕ ಹೇಳುತ್ತಾರೆ. ಮೇಷ್ಟ್ರು ಒಮ್ಮೆ “ತುಂಬಿದ ಕೊಡ ತುಳುಕುವುದಿಲ್ಲ, ನಿನ್ನ ಗಾಡಿ ಯಾಕಮ್ಮ ಹೀಗೆ ತುಳುಕುತ್ತೆ” ಎಂದಿದ್ದಕ್ಕೆ ಅವರ ಉತ್ತರ: “ಗಾದೆ ಕೊಡಕ್ಕೆ ಸರಿ ಸಾರ್, ಎಂಜಿನ್ನಿಗಲ್ಲ.”

ಈ ಪಾಠವನ್ನು ಅವರು ಒಂದೇ ಒಂದು ಸಲ ಮೀರಿದ್ದಾರೆ.

ಏಳು ವರ್ಷದ ಹಿಂದೆ ಗಂಡನಿಗೆ ಲಕ್ವ ಹೊಡೆಯಿತು. ಚೇತರಿಸಿಕೊಂಡರೂ ಸದ್ದು ತಡೆಯಲು ಆಗುತ್ತಿರಲಿಲ್ಲ. ಪಾತ್ರೆ ಬಿದ್ದರೆ ಕಣ್ಣಲ್ಲಿ ನೀರು. ಶೆಡ್ಡಿಗೂ ಮಲಗುವ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಬೆಳಿಗ್ಗೆ ಕಾರು ಚಾಲೂ ಮಾಡಿದರೆ ಅವರು ದಿಂಬಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದರು. “ಅದನ್ನ ಸ್ವಲ್ಪ ಸುಮ್ಮನಿರಿಸೇ” ಎಂದು ಅವರೇ ಕೇಳಿದರು. ಯಾವತ್ತೂ ಮಾಡಬೇಡ ಎಂದು ಕಲಿಸಿದವರೇ ಕೇಳಿದರು.

ಅಕ್ಕ ಎಂಟನ್ನೂ ಮೂವತ್ತರಿಂದ ಇಪ್ಪತ್ತಕ್ಕೆ ಇಳಿಸಿದರು. ಕಾರು ಬೆಕ್ಕಿನ ಹಾಗೆ ಓಡಿತು. ಗಂಡ ಎರಡು ತಿಂಗಳು ನೆಮ್ಮದಿಯಾಗಿ ನಿದ್ದೆ ಮಾಡಿದರು. ಒಂದು ಮಧ್ಯಾಹ್ನ ಎದೆ ನೋವೆಂದರು. ನಾದಿನಿ ಕಾರು ಓಡಿಸಿದರು, ಅಕ್ಕ ಹಿಂದೆ ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತರು. ಸೇತುವೆಯ ಏರಿನಲ್ಲಿ ಎಂಜಿನ್ ಕುಗ್ಗಿತು. ನಡುವಿನ ಎರಡು ಸಿಲಿಂಡರುಗಳಿಗೆ ಹೊಗೆ ಹೋಗಲು ಸೇರಿ ಇರುವುದು ಒಂದೇ ದಾರಿ, ಎಲ್ಲಕ್ಕಿಂತ ಹೆಚ್ಚು ಬಿಸಿ ಅಲ್ಲೇ. ನಾಲ್ಕನೆಯ ಮತ್ತು ಐದನೆಯ ವಾಲ್ವ್ ಸುಟ್ಟಿದ್ದವು. ಎರಡು ಸಿಲಿಂಡರ್ ಸತ್ತ ಕಾರು ಮೂರು ಜನರನ್ನು ಹೊತ್ತು ಏರು ಹತ್ತಲಿಲ್ಲ. ಹಾಲಿನ ವ್ಯಾನೊಂದು ನಿಲ್ಲುವವರೆಗೆ ಮೂವತ್ತೈದು ನಿಮಿಷ ಹೋಯಿತು. ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೇ ತೀರಿಕೊಂಡರು.

“ತಡ ಆಗಿದ್ದರಿಂದ ಅಂತ ಹೇಳೋಕಾಗಲ್ಲಮ್ಮ ಅಂದ್ರು ಡಾಕ್ಟ್ರು,” ಎಂದು ಅಕ್ಕ ಕೈ ಒರೆಸಿಕೊಳ್ಳುತ್ತಾ ಹೇಳಿದರು. “ಹೇಳೋಕಾಗಲ್ಲ ಅಂದ್ರು. ಅಲ್ಲ ಅಂತ ಹೇಳ್ಲಿಲ್ಲ.”

ಆ ಹದಿಮೂರು ದಿನದಲ್ಲಿ ಅವರು ಎಂಜಿನ್ನಿನ ತಲೆ ಬಿಚ್ಚಿ ಎರಡು ಹೊಸ ವಾಲ್ವ್ ಹಾಕಿದರು. ಎಂಟು ಪೀಠಗಳನ್ನೂ ಕೈಯಲ್ಲೇ ಕಡೆದರು. ಅಂಗೈ ಸುಲಿದರೂ ನಿಲ್ಲಿಸಲಿಲ್ಲ ಎಂದು ನಾದಿನಿ ಹೇಳುತ್ತಾರೆ. ಅಂದಿನಿಂದ ಯಾರು ಎಷ್ಟು ಬೇಡಿದರೂ ಮೂವತ್ತಕ್ಕಿಂತ ಒಂದು ಪಾಲು ಕೆಳಗೆ ಬಿಟ್ಟಿಲ್ಲ.

ಆದರೆ ಈಗ ಸಂದನ್ನು ತಿನ್ನುತ್ತಿರುವುದು ಅಕ್ಕನ ಕೈಯಲ್ಲ. ಹಿಂದೆ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಆ ಸೀಸ ವಾಲ್ವ್‌ನ ಪೀಠದ ಮೇಲೆ ತೆಳ್ಳಗೆ ಹಾಸಿಕೊಂಡು ಮೆತ್ತೆಯಂತೆ ಕಾಯುತ್ತಿತ್ತು. ಈ ಕಾರು ಹುಟ್ಟಿದ್ದು ಆ ಮೆತ್ತೆಯನ್ನು ನಂಬಿ. ಸೀಸ ನಿಂತ ಮೇಲೆ ಪ್ರತಿ ಏಟಿಗೂ ಪೀಠ ಧೂಳಿನಷ್ಟು ಸವೆಯುತ್ತದೆ. ಪೀಠ ಕೆಳಗಿಳಿದಷ್ಟೂ ವಾಲ್ವ್‌ನ ತುದಿ ಮೇಲೇಳುತ್ತದೆ, ಸಂದು ತಾನಾಗಿ ಮುಚ್ಚುತ್ತದೆ. ಸೀಸ ತೆಗೆದದ್ದು ತಪ್ಪೇ ಎಂದು ಕೇಳಿದರೆ ಅಕ್ಕ ಗದರುತ್ತಾರೆ. “ಛೆ, ಅದು ಮಕ್ಕಳ ತಲೆಗೆ ವಿಷ. ಬೀದಿ ಮಕ್ಕಳ ಉಸಿರಿಗಿಂತ ನನ್ನ ಐದನೇ ನಂಬರ್ ದೊಡ್ಡದಾ?”

ಮೊದಲು ಮೂರು ತಿಂಗಳಿಗೊಮ್ಮೆ ಸಂದು ಸರಿಮಾಡಿದರೆ ಸಾಕಿತ್ತು. ಆಮೇಲೆ ತಿಂಗಳಿಗೊಮ್ಮೆ. ಈಗ ವಾರಕ್ಕೊಮ್ಮೆ, ಅದೂ ಐದನೆಯದಕ್ಕೆ. ವಾಲ್ವ್‌ನ ತುದಿಯನ್ನು ಎರಡು ಸಲ ತೇದಾಯಿತು. ಇನ್ನು ತೇದರೆ ಗಟ್ಟಿ ಪದರ ಹೋಗುತ್ತದೆ. ಸವೆದ ಪೀಠವನ್ನು ಕೊರೆದು ಗಟ್ಟಿ ಉಕ್ಕಿನ ಬಳೆ ಕೂರಿಸುವ ಉಪಾಯ ಒಂದಿದೆ. ಕಳೆದ ವರ್ಷ ತಲೆಯನ್ನು ಬಿಚ್ಚಿ ಲೇತ್ ಯಂತ್ರದಲ್ಲಿ ಲೋಹ ಕೊರೆಯುವ ಲೇತ್ ಅಣ್ಣನ ಬಳಿ ಹೊತ್ತುಕೊಂಡು ಹೋಗಿದ್ದರು. ಅವರು ಕನ್ನಡಕ ಏರಿಸಿ ನಾಲ್ಕು ಮತ್ತು ಐದರ ನಡುವೆ ಕೂದಲಿನಂಥ ಬಿರುಕು ತೋರಿಸಿದರು. “ಕೊರೆಯೋಕೆ ಮಾಂಸ ಇಲ್ಲ ಅಕ್ಕ. ಉಳಿ ಇಟ್ಟರೆ ನೀರಿನ ಜಾಗಕ್ಕೇ ತೂತು ಬೀಳುತ್ತೆ.” ಗುಜರಿಗಳನ್ನೆಲ್ಲ ತಡಕಿ ಅಕ್ಕ ಇಂಥವೇ ಎರಡು ತಲೆ ಹುಡುಕಿದರು. ಎರಡಕ್ಕೂ ಅದೇ ಜಾಗದಲ್ಲಿ ಬಿರುಕು. “ಅಕ್ಕತಂಗಿಯರಿಗೆಲ್ಲ ಒಂದೇ ಕಾಯಿಲೆ,” ಎನ್ನುತ್ತಾರೆ.

ಹಾಗಾಗಿ ಉಳಿದಿರುವುದು ತಿರುಪಿನ ಆ ಕಾಲು ಸುತ್ತು. ಮನೆಯಲ್ಲಿ ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಗೋಡೆಗೆ ನೇತುಹಾಕಿದ ಸ್ಲೇಟಿನಲ್ಲಿ ಮಾತ್ರ ಅಕ್ಕ ವಾರವಾರ ಬರೆಯುತ್ತಾರೆ: ಇಪ್ಪತ್ತು, ಇಪ್ಪತ್ತು, ಹದಿನೆಂಟು.

ಎರಡನೆಯ ವಾರ, ಶುಕ್ರವಾರ, ಬೆಳಿಗ್ಗೆ ಹನ್ನೊಂದೂವರೆ. ಅಕ್ಕ ಚಹಾ ಕುಡಿಯುತ್ತಾ ಬದಲಿ ಪ್ಲಗ್ಗು ಉಜ್ಜುತ್ತಿದ್ದಾರೆ. ಕಾರು ಅಂಗಳಕ್ಕೆ ಬಂದು ನಿಲ್ಲುತ್ತದೆ. ನಾದಿನಿ ಬಾಗಿಲು ತೆಗೆಯುವ ಮೊದಲೇ ಮಾತು ಶುರು.

“ಅತ್ತಿಗೆ, ಇವತ್ತು ಗಾಡಿ ಬೆಣ್ಣೆ! ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಬಂತು. ಮೇಷ್ಟ್ರು ಗೊರಕೆ ಹೊಡೆದುಬಿಟ್ರು. ಏನು ಮಾಡಿದ್ರಿ ಅದಕ್ಕೆ?”

ಅಕ್ಕ ಲೋಟ ಕೆಳಗಿಟ್ಟರು. “ಯಾವಾಗಿನಿಂದ?”

“ಏನು ಯಾವಾಗಿನಿಂದ?”

“ಯಾವಾಗಿನಿಂದ ಸುಮ್ಮನಿದೆ ಅಂತ ಕೇಳಿದೆ ಕಣೇ.”

ನಾದಿನಿಯ ಮುಖದ ನಗು ಹಾಗೇ ನಿಂತಿತು. “...ಹೋಗುವಾಗ ಸೇತುವೆ ದಾಟಿದ ಮೇಲೆ.”

ಅಕ್ಕ ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದು ಸಿಲಿಂಡರಿಗೂ ಒತ್ತಡದ ಗಡಿಯಾರ ಹಿಡಿದರು. ನಾದಿನಿ ಸ್ಟಾರ್ಟರ್ ತಿರುಗಿಸಿದರು. ಒಂದನೆಯದು ನೂರ ನಲವತ್ತೈದು ಪೌಂಡು. ಎರಡು, ನೂರ ನಲವತ್ತು. ಮೂರನೆಯದಕ್ಕೆ ಮುಳ್ಳು ಐವತ್ತೈದಕ್ಕೆ ಹೋಗಿ ನಿಂತುಬಿಟ್ಟಿತು. ನಾಲ್ಕು, ನೂರ ನಲವತ್ತೆಂಟು. ಮೂರನೆಯ ಸಿಲಿಂಡರಿನ ಹೊಗೆ ಹೊರಬಿಡುವುದು ಆ ಐದನೆಯ ವಾಲ್ವ್.

ಮಾರನೆಯ ಬೆಳಿಗ್ಗೆ ಕಬ್ಬಿಣ ತಣಿದ ಮೇಲೆ ಮುಚ್ಚಳ ತೆಗೆದರು. ಐದನೆಯದಕ್ಕೆ ಅತಿ ತೆಳ್ಳಗಿನ ಎಲೆಯೂ ಹೋಗಲಿಲ್ಲ. ತಿರುಪನ್ನು ಸಡಿಲಿಸುತ್ತಾ ಹೋದರು. ಕೆಂಪು ಚುಕ್ಕೆ ಸ್ವಲ್ಪ ತಿರುಗಿತು, ಆಮೇಲೆ ತಿರುಪಿನ ಬುಡ ರಾಕರಿಗೆ ತಾಗಿ ನಿಂತಿತು. ಎಲೆ ಹಾಕಿ ನೋಡಿದರು. ಹದಿನೈದು.

“ಹದಿನೈದು ಇದೆಯಲ್ಲ ಅತ್ತಿಗೆ,” ಎಂದರು ನಾದಿನಿ. “ಮಂಗಳವಾರ ಒಂದು ದಿನ. ಒಂದೇ ದಿನ. ಅಷ್ಟರಲ್ಲಿ ಅವರಿಗೆ ಬೇರೆ ಗಾಡಿ ನೋಡ್ತೀನಿ.”

“ಅವತ್ತು ಇಪ್ಪತ್ತು ಇತ್ತು.”

ಮೂರು ದಿನ ಅವರಿಬ್ಬರು ಒಂದೇ ಒಲೆಯ ಮುಂದೆ ನಿಂತು ಬೇರೆ ಬೇರೆಯಾಗಿ ಉಂಡರು. ಬೇರೆ ಗಾಡಿ ಸಿಗಲಿಲ್ಲ. ಆ ಹೊತ್ತಿಗೆ, ಆ ದೂರಕ್ಕೆ, ನಾಲ್ಕು ಗಂಟೆ ಕಾದು ವಾಪಸು ಕರೆತರಲು ಯಾರೂ ಒಪ್ಪಲಿಲ್ಲ.

ಮಂಗಳವಾರ ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಶೆಡ್ಡಿನಿಂದ ಸ್ಟಾರ್ಟರಿನ ಸದ್ದು. ನಾದಿನಿ ಬೀಗದ ಕೈ ತಿರುಗಿಸುತ್ತಿದ್ದಾರೆ. ಎಂಜಿನ್ ತಿರುಗುತ್ತದೆ, ಹೊತ್ತುವುದಿಲ್ಲ. ಮತ್ತೆ ತಿರುಗುತ್ತದೆ. ಕೊನೆಗೆ ಇಳಿದು ಬಾನೆಟ್ ಎತ್ತಿ, ಕಿಡಿ ಹಂಚುವ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾರೆ. ಒಳಗೆ ಸುತ್ತುತ್ತಾ ನಾಲ್ಕು ಪ್ಲಗ್ಗುಗಳಿಗೂ ಕಿಡಿ ಬಡಿಸುವ ಹೆಬ್ಬೆರಳಿನಷ್ಟು ಕಂದು ತುಂಡು, ರೋಟರ್, ಅಲ್ಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತಿದ್ದಾರೆ. ಬಲಗೈ ಖಾಕಿ ಅಂಗಿಯ ಜೇಬಿನಲ್ಲಿದೆ.

“ಕೊಡಿ ಅತ್ತಿಗೆ.”

“ಕೊಡಲ್ಲ.”

“ನಿಂತರೆ ನಾನು ತಳ್ತೀನಿ. ನನ್ನ ಅಣ್ಣನ ಆಣೆ, ತಳ್ಕೊಂಡೇ ಹೋಗ್ತೀನಿ.”

“ಅವತ್ತೂ ತಳ್ಳಿದೆ ನೀನು.”

ನಾದಿನಿಯ ಫೋನು ಬಡಿದುಕೊಂಡಿತು. ಮೇಷ್ಟ್ರು. ನಾದಿನಿ ಫೋನನ್ನು ಅಕ್ಕನ ಕಡೆಗೆ ಹಿಡಿದರು. ಅಂಗಳದಲ್ಲಿ ನಿಂತವರಿಗೂ ಕೇಳುವಷ್ಟು ಜೋರಾಗಿ ಮೇಷ್ಟ್ರು ಹೇಳುತ್ತಿದ್ದರು: “ದಾರೀಲಿ ನಿಂತರೂ ಪರವಾಗಿಲ್ಲಮ್ಮ. ನಿಂತ ಮೇಲೆ ನೋಡೋಣ. ಹೊರಡಿ ಸಾಕು.”

ಅಕ್ಕ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ.

ಉಳಿದಿಬ್ಬರನ್ನು ಅವರವರ ಮನೆಯವರು ಹೇಗೋ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಒಂಟಿಯಾಗಿರುವ ಮೇಷ್ಟ್ರು ಬಸ್ಸಿಗೆ ಹೋದರು, ಅರ್ಧ ದಾರಿಯಲ್ಲಿ ಬಸ್ಸು ಬದಲಿಸಿದರು. ತಲುಪಿದಾಗ ಏಳು ಮುಕ್ಕಾಲು. ಯಂತ್ರ ಮುಂದಿನವರಿಗೆ ಹೋಗಿತ್ತು, ಆ ದಿನ ಬೇರೆ ಸರದಿ ಖಾಲಿ ಇರಲಿಲ್ಲ. ಶುಕ್ರವಾರ ಬನ್ನಿ ಎಂದರು. ಗುರುವಾರ ನಾದಿನಿ ನೋಡಲು ಹೋದಾಗ ಅವರ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ, ನಾಲ್ಕು ಮೆಟ್ಟಿಲು ಹತ್ತಲು ಎರಡು ಸಲ ಕೂತರು. ಅಂದೇ ಸಂಜೆ ಅಕ್ಕಪಕ್ಕದವರು ಆಂಬುಲೆನ್ಸ್ ಕರೆಸಿದರು. ಇದನ್ನು ಬರೆಯುವ ಹೊತ್ತಿಗೆ ಅವರು ಅದೇ ಆಸ್ಪತ್ರೆಯ ಒಳಗಿನ ವಾರ್ಡಿನಲ್ಲಿದ್ದಾರೆ. ನೋಡಲು ಯಾರನ್ನೂ ಒಳಗೆ ಬಿಡುತ್ತಿಲ್ಲ.

ನಾದಿನಿ ಈಗ ಒಂದು ಅಂಗಡಿ ಕಟ್ಟಡದ ಪಾರ್ಕಿಂಗಿನಲ್ಲಿ ಚೀಟಿ ಕೊಡುವ ಕೆಲಸಕ್ಕೆ ಹೋಗುತ್ತಾರೆ. “ಹತ್ತೊಂಬತ್ತು ವರ್ಷ ಓಡಿಸಿದವಳು ಈಗ ನಿಂತಿರೋ ಗಾಡಿ ಎಣಿಸ್ತೀನಿ,” ಎಂದರು ಅಂಗಳದಲ್ಲಿ. ಅತ್ತಿಗೆಯ ಕಡೆ ನೋಡಲಿಲ್ಲ.

ಕೊನೆಯ ಭೇಟಿಯ ಬೆಳಿಗ್ಗೆ ಅಕ್ಕ ಎಂದಿನ ಹೊತ್ತಿಗೇ ಎದ್ದಿದ್ದಾರೆ. ಎಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ಒಂದು ವಾರದಿಂದ ತಣ್ಣಗೇ ಇರುವ ಕಬ್ಬಿಣ. ಆಮೇಲೆ ತಲೆಯನ್ನು ಬಿಗಿದಿರುವ ಹತ್ತು ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಅಲ್ಲ, ಹೊರಗಿನಿಂದ ನಡುವಿಗೆ, ಅರ್ಧರ್ಧ ಸುತ್ತು ಸಡಿಲಿಸುತ್ತಾ ಹೋಗುತ್ತಾರೆ. ಬಿಗಿಯುವಾಗ ಒಂದು ಕ್ರಮ, ಬಿಚ್ಚುವಾಗ ಅದರ ತಿರುವುಮುರುವು. ಇನ್ನು ಓಡದ ಎಂಜಿನ್ನಿಗೂ ಅದೇ ಕ್ರಮ. ಎಷ್ಟು ಹೊತ್ತಾದರೂ ಒಂದು ಬೋಲ್ಟನ್ನೂ ಒಮ್ಮೆಗೇ ಬಿಚ್ಚುವುದಿಲ್ಲ.

ತಲೆಯನ್ನು ಎತ್ತಿ ಬೆಂಚಿನ ಮೇಲೆ ಮಲಗಿಸಿ, ಸ್ಪ್ರಿಂಗ್ ಒತ್ತಿ, ಐದನೆಯ ವಾಲ್ವನ್ನು ಹೊರಗೆಳೆಯುತ್ತಾರೆ. ಬಟ್ಟೆಯಲ್ಲಿ ಒರೆಸುತ್ತಾರೆ. ಕಪಾಟಿನ ಕೆಳಗಿನ ಖಾನೆಯಿಂದ ಒಂದು ತಗಡಿನ ಡಬ್ಬಿ ತೆಗೆದು, ಅದರಿಂದ ಇನ್ನೊಂದು ವಾಲ್ವ್ ತೆಗೆದು ಪಕ್ಕದಲ್ಲಿಡುತ್ತಾರೆ. ಏಳು ವರ್ಷದ ಹಿಂದೆ ಸುಟ್ಟ ಐದನೆಯದು. ಅದರ ಅಂಚಿನಲ್ಲಿ ಇಲಿ ಕಚ್ಚಿದ ಹಾಗೆ ಒಂದು ತುಂಡು ಇಲ್ಲ, ಸುತ್ತ ಸುಟ್ಟ ಬೂದಿಯ ಬಣ್ಣ. ಇಂದು ತೆಗೆದದ್ದು ದುಂಡಗಿದೆ. ಅದು ಕೂರುತ್ತಿದ್ದ ಪೀಠ ಬಹಳ ಆಳಕ್ಕೆ ಇಳಿದಿದೆ, ತಲೆಮಾರುಗಳು ತುಳಿದ ಹೊಸ್ತಿಲಿನ ಹಾಗೆ, ಆದರೆ ಸುತ್ತಲೂ ಒಂದೇ ಸಮ.

ಅಕ್ಕ ವಾಲ್ವ್‌ನ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಇಟ್ಟು ಒಂದು ಸುತ್ತು ಬರುತ್ತಾರೆ. ಎಲ್ಲೂ ಉಗುರು ತಡೆಯುವುದಿಲ್ಲ. ಇನ್ನೊಂದು ಸುತ್ತು ಬರುತ್ತಾರೆ.

“ಮೇಷ್ಟ್ರಿಗೆ ಏನಾಗುತ್ತೋ ನನಗೆ ಗೊತ್ತಿಲ್ಲಮ್ಮ,” ಎನ್ನುತ್ತಾರೆ. “ಅದನ್ನ ಬಿಚ್ಚಿ ನೋಡೋಕಾಗಲ್ಲ. ನಮ್ಮನೆಯವರದ್ದೂ ಬಿಚ್ಚಿ ನೋಡೋಕಾಗ್ಲಿಲ್ಲ. ಇದು ಒಂದನ್ನ ನೋಡ್ಬಹುದು.” ವಾಲ್ವನ್ನು ಬೆಳಕಿಗೆ ಹಿಡಿಯುತ್ತಾರೆ. “ಸವೆದಿದೆ. ಸುಟ್ಟಿಲ್ಲ. ಸುಡೋಕೆ ನಾನು ಬಿಡಲಿಲ್ಲ.”